ವರ್ಷದ ಬಟ್ಟೆ ಖರ್ಚಿನ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ದಾವಣಗೆರೆ. ಹರಪನಹಳ್ಳಿ, ಚನ್ನಗಿರಿ, ಹರಿಹರದ ಕಡೆಯಿಂದೆಲ್ಲ ಮದುವೆ ಜವಳಿ ತೆಗೆಯಲು ಜನ ಬರುವ ಊರು. ನಾನು ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ, ಯಜಮಾನರು ಹೈಸ್ಕೂಲ್ ಮೇಷ್ಟ್ರು, ಮಕ್ಕಳಿಬ್ಬರು. ಆರು ವರ್ಷದಿಂದ ಮನೆಯ ಬಟ್ಟೆ ಖರ್ಚಿಗೆಂದೇ ಬೇರೆ ಪುಸ್ತಕ ಇಟ್ಟಿದ್ದೇನೆ. ಅದನ್ನು ನೋಡಿದ ಓರಗಿತ್ತಿಯರು, ಆಫೀಸಿನವರು, ಬೀದಿಯ ಗೆಳತಿಯರು ತಿರುಗಿ ತಿರುಗಿ ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಡೋಣ ಅನ್ನಿಸಿತು. ಇಲ್ಲಿರುವ ಬೆಲೆಗಳು ನಾನು ಕೊಟ್ಟ ಬೆಲೆಗಳು. ನಿಮ್ಮೂರಲ್ಲಿ ಹೆಚ್ಚುಕಡಿಮೆ ಇರಬಹುದು.

ಮನೆ ಲೆಕ್ಕದಲ್ಲೇ ಬಟ್ಟೆಯೂ ಇರುತ್ತಲ್ಲ, ಬೇರೆ ಪುಸ್ತಕ ಯಾಕೆ?

ದಿನಸಿ, ಹಾಲು, ಕರೆಂಟು ತಿಂಗಳು ತಿಂಗಳು ಬರುತ್ತವೆ, ಒಂದು ಅಂದಾಜು ಮನಸ್ಸಿನಲ್ಲೇ ಇರುತ್ತದೆ. ಬಟ್ಟೆ ಹಾಗಲ್ಲ. ಎರಡು ತಿಂಗಳು ಸದ್ದಿಲ್ಲದೆ ಇದ್ದು ಮೂರನೇ ತಿಂಗಳು ಒಟ್ಟಿಗೆ ಹನ್ನೆರಡು ಸಾವಿರ ಕೇಳುತ್ತದೆ. ಅದೂ ಒಂದೇ ಅಂಗಡಿಯಲ್ಲಿ ಹೋಗುವುದಿಲ್ಲ. ಸೀರೆಯಂಗಡಿಯಲ್ಲಿ ಒಂದಷ್ಟು, ಟೈಲರ್ ಹತ್ತಿರ ಒಂದಷ್ಟು, ಕುಚ್ಚು ಕಟ್ಟುವವರ ಮನೆಯಲ್ಲಿ ಒಂದಷ್ಟು.

ಮೊದಲ ವರ್ಷ ಪುಸ್ತಕ ಶುರುಮಾಡುವಾಗ, ನಮ್ಮ ಮನೆಗೆ ವರ್ಷಕ್ಕೆ ಬಟ್ಟೆಗೆ ಹದಿನೆಂಟು ಇಪ್ಪತ್ತು ಸಾವಿರ ಆಗಬಹುದು ಅಂದುಕೊಂಡಿದ್ದೆ. ಕೂಡಿಸಿದಾಗ ಬಂದಿದ್ದು 47,360. ನನ್ನ ಬಟ್ಟೆ 14,200, ಮಕ್ಕಳದು 9,850, ಯಜಮಾನರದು 6,400, ಬೇರೆಯವರಿಗೆ ಕೊಟ್ಟ ಬಟ್ಟೆ 7,300, ಹೊಲಿಗೆ, ಫಾಲ್, ಕುಚ್ಚು ಎಲ್ಲ ಸೇರಿ 5,480, ಇಸ್ತ್ರಿ ಮತ್ತು ಡ್ರೈವಾಶ್ 4,130. ಲೆಕ್ಕ ಬರೆಯುವುದೇ ನನ್ನ ಕೆಲಸ, ಆದರೂ ನನ್ನ ಅಂದಾಜಿನಲ್ಲಿ ಕೊನೆಯ ಮೂರು ಬಾಬ್ತು ಇರಲೇ ಇಲ್ಲ. ಆ ಮೂರೇ ಸೇರಿ 16,910.

ವರ್ಷ ಯಾವಾಗಿಂದ ಹಿಡಿಯಬೇಕು? ಯುಗಾದಿಯಿಂದಲಾ, ಜನವರಿಯಿಂದಲಾ?

ಯುಗಾದಿಯಿಂದ ಯುಗಾದಿಗೆ ಅಂದರೆ ಮನಸ್ಸಿಗೆ ಹಿತ, ಹೊಸ ಬಟ್ಟೆಯಿಂದಲೇ ವರ್ಷ ಶುರುವಾಗುತ್ತದೆ. ಆದರೆ ಅಧಿಕ ಮಾಸ ಬಂದ ವರ್ಷ ಹದಿಮೂರು ತಿಂಗಳಾಗುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಬಂದಿರುವುದರಿಂದ ಹಾಗೇ ಆಗಿದೆ. ಹಿಂದಿನ ವರ್ಷದ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ನಾನು ಏಪ್ರಿಲ್ 1ರಿಂದ ಮಾರ್ಚ್ 31 ಹಿಡಿಯುತ್ತೇನೆ. ಶಾಲೆ ಯೂನಿಫಾರ್ಮಿನಿಂದ ದೀಪಾವಳಿವರೆಗೆ ಎಲ್ಲ ಒಂದೇ ವರ್ಷದೊಳಗೆ ಬೀಳುತ್ತದೆ. ಯುಗಾದಿ ಮಾತ್ರ ಒಮ್ಮೆ ಆಚೆ ಒಮ್ಮೆ ಈಚೆ. ಆದ್ದರಿಂದ ಯುಗಾದಿ ಬಟ್ಟೆಯನ್ನು ಎಂದು ಕೊಂಡರೂ ಹೊಸ ವರ್ಷದ ಪುಟಕ್ಕೇ ಬರೆಯುತ್ತೇನೆ.

ಅಧಿಕ ಮಾಸದ ವರ್ಷ ಇನ್ನೊಂದು ಖರ್ಚಿದೆ, ಮರೆಯಬೇಡಿ. ಮಗಳು ಅಳಿಯನನ್ನು ಕರೆದು ಬಟ್ಟೆ ಕೊಡುವ ಪದ್ಧತಿ ಇರುವ ಮನೆಗಳಲ್ಲಿ ಅದಕ್ಕೆ ಬೇರೆ ದುಡ್ಡು ಎತ್ತಿಡಲೇಬೇಕು.

ಪುಸ್ತಕವೇ ಬೇಕಾ? ಮೊಬೈಲಲ್ಲಿ ಬರೆದರೆ ಆಗಲ್ವಾ?

ಆಗುತ್ತದೆ. ವಾಟ್ಸ್ಆ್ಯಪಿನಲ್ಲಿ ನಿಮಗೆ ನೀವೇ ಮೆಸೇಜ್ ಹಾಕಿಕೊಂಡರೂ ಸಾಕು. ಫೋನ್‌ಪೇಯಲ್ಲೋ ಗೂಗಲ್‌ಪೇಯಲ್ಲೋ ಎಲ್ಲ ಇದ್ದೇ ಇರುತ್ತೆ ಅಂತ ನಂಬಬೇಡಿ, ಅಷ್ಟೇ. ಅಲ್ಲಿ ಅಂಗಡಿಯ ಹೆಸರೋ ಅಂಗಡಿ ಮಾಲೀಕನ ಹೆಸರೋ ಇರುತ್ತದೆ, ಜೊತೆಗೆ ಮೊತ್ತ. 1,850 ಅಂತ ಇದ್ದರೆ ಅದರಲ್ಲಿ ಟವೆಲ್ ಎಷ್ಟು, ಮಗನ ಪ್ಯಾಂಟ್ ಎಷ್ಟು ಅಂತ ಇರುವುದಿಲ್ಲ. ಟೈಲರ್‌ಗೆ ಕೈಯಲ್ಲಿ ಕೊಟ್ಟ ಹಣವಂತೂ ಅಲ್ಲಿ ಕಾಣುವುದೇ ಇಲ್ಲ.

ನಾನು ಪುಸ್ತಕಕ್ಕೆ ಅಂಟಿಕೊಂಡಿದ್ದಕ್ಕೆ ನಮ್ಮ ಟೈಲರ್ ಅಕ್ಕ ಕಾರಣ. ಅವರ ಅಳತೆ ಪುಸ್ತಕದಲ್ಲಿ ಪ್ರತಿ ಹೆಸರಿನ ಪಕ್ಕ ಬ್ಲೌಸಿನ ಚೂರೊಂದನ್ನು ಪಿನ್ ಹೊಡೆದಿಟ್ಟಿರುತ್ತಾರೆ. ಎದೆ, ಸೊಂಟ, ತೋಳು ಅಂತ ಅಳತೆ, ಕೆಳಗೆ ಕೊಡಬೇಕಾದ ತಾರೀಖು, ಪಕ್ಕದಲ್ಲಿ ಉಗುರಿನಷ್ಟು ಬಟ್ಟೆ. ಅದನ್ನು ನೋಡಿ ನಾನೂ ಬ್ಲೌಸ್ ಹೊಲಿದಾಗ ಉಳಿದ ಚೂರನ್ನು ಕೇಳಿ ತಂದು ಪುಟಕ್ಕೆ ಹೊಡೆಯತೊಡಗಿದೆ. ಈಗ ಪುಸ್ತಕ ಉಬ್ಬಿ ಮುಚ್ಚುವುದೇ ಇಲ್ಲ, ಉಳಿದ ಫಾಲ್ ಪಟ್ಟಿಯೊಂದರಲ್ಲಿ ಸುತ್ತಿ ಕಟ್ಟಿದ್ದೇನೆ. ಆದರೆ "ಆ ಹಸಿರು ಸೀರೆಗೆ ಎಷ್ಟಾಗಿತ್ತು" ಅಂದರೆ ತಾರೀಖು ನೆನಪಾಗದಿದ್ದರೂ ಬಣ್ಣ ಹುಡುಕಿ ಪುಟ ತೆಗೆಯುತ್ತೇನೆ.

ಒಂದು ಸೀರೆಗೆ ಏನೇನು ಬರೆಯಬೇಕು?

ಬೀರುವಿನಿಂದ ತೆಗೆದು ಉಡುವ ಹಾಗೆ ಆಗುವವರೆಗೆ ಆದದ್ದೆಲ್ಲ. ಹೋದ ವರಮಹಾಲಕ್ಷ್ಮಿ ಹಬ್ಬಕ್ಕೆ ತೆಗೆದ ಸೀರೆಯ ಪುಟ ಹೀಗಿದೆ: ಸೀರೆ 3,800. ಫಾಲ್, ಜಿಗ್‌ಜಾಗ್ 150. ಕುಚ್ಚು 400. ಲೈನಿಂಗ್ ಬಟ್ಟೆ 120. ಬ್ಲೌಸ್ ಹೊಲಿಗೆ ಕೂಲಿ 650. ಒಟ್ಟು 5,120.

ಸೀರೆಯ ಮೇಲೆ 1,320 ರೂಪಾಯಿ. ಸೀರೆಯ ಬೆಲೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು. ಅಂಗಡಿಯಲ್ಲಿ "ನಾಲ್ಕು ಸಾವಿರದೊಳಗೆ ತೋರಿಸಿ" ಅಂತ ಕೂತವಳು ನಾನು, ನನ್ನ ಕೈಯಿಂದ ಹೋಗಿದ್ದು ಐದು ಸಾವಿರದ ಮೇಲೆ. ಬೇಬಿ ಕುಚ್ಚು, ಮಣಿ ಕುಚ್ಚು, ಕ್ರೋಶಾ ಕುಚ್ಚು ಅಂತ ಹೋದರೆ ಅಥವಾ ಬ್ಲೌಸಿಗೆ ಕೈಕಸೂತಿ ಮಾಡಿಸಿದರೆ ಮೇಲಿನ ಖರ್ಚೇ ಸೀರೆಯ ಬೆಲೆಯನ್ನು ಮೀರಬಹುದು. ಮಾಡಿಸಬೇಡಿ ಅನ್ನುತ್ತಿಲ್ಲ. ನನಗೂ ಕುಚ್ಚಿಲ್ಲದ ಸೆರಗು ಬೋಳು ಅನ್ನಿಸುತ್ತದೆ. ಈಗ ನಾನು ಅಂಗಡಿಗೆ ಹೋಗುವಾಗ ಹೇಳುವ ಅಂಕಿಯೇ ಬೇರೆ. ಐದು ಸಾವಿರ ಇದ್ದರೆ 3,700ರ ಸೀರೆ ಕೇಳುತ್ತೇನೆ.

ಸಿದ್ಧ ಉಡುಪಿಗೂ ಹೀಗೇ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಿದ್ದು, ಕುರ್ತಾದ ಪಕ್ಕ ಹಿಡಿಸಿದ್ದು, ಜಿಪ್ ಹಾಕಿಸಿದ್ದು ಆ ಬಟ್ಟೆಯ ಲೆಕ್ಕಕ್ಕೇ.

ಇಸ್ತ್ರಿ, ಡ್ರೈವಾಶ್ ಸೇರಿಸಬೇಕಾ?

ಸೇರಿಸಿ. ದಿನಾ ಬರೆಯುವುದು ಬೇಡ, ಇಸ್ತ್ರಿಯವರಿಗೆ ದುಡ್ಡು ಕೊಟ್ಟ ದಿನ ಒಂದು ಸಾಲು ಸಾಕು.

ಬೇರೆಯವರಿಗೆ ಕೊಡುವ ಬಟ್ಟೆ ನನ್ನ ಬಟ್ಟೆ ಖರ್ಚು ಹೇಗಾಗುತ್ತೆ?

ನಮ್ಮಲ್ಲಿ ಬಟ್ಟೆ ಅಂದರೆ ಉಡುವುದಷ್ಟೇ ಅಲ್ಲ. ಗೃಹಪ್ರವೇಶಕ್ಕೆ ಶರ್ಟ್ ಪೀಸು, ಸೀಮಂತಕ್ಕೆ ಸೀರೆ, ನಾಮಕರಣಕ್ಕೆ ಮಗುವಿನ ಬಟ್ಟೆ, ಅರಿಶಿನ ಕುಂಕುಮಕ್ಕೆ ಕರೆದರೆ ರವಿಕೆ ಕಣ, ಗೌರಿ ಹಬ್ಬಕ್ಕೆ ಬಾಗಿನ. ನಮ್ಮ ತವರು ಹಾವೇರಿ ಕಡೆ ಸಮಾರಂಭಗಳಲ್ಲಿ ಬಟ್ಟೆ ಉಡುಗೊರೆ ಕೊಡುವ ಪದ್ಧತಿ ಆಯೇರಿ ಅಂತ ಇನ್ನೂ ಗಟ್ಟಿಯಾಗಿದೆ. ಯಾರಿಗೆ ಸೀರೆ, ಯಾರಿಗೆ ಬರೀ ಕಣ ಅನ್ನುವುದು ಸಂಬಂಧದ ಮೇಲೆ. ಇದನ್ನು ಖರ್ಚಿನಿಂದ ಹೊರಗಿಟ್ಟರೆ ಲೆಕ್ಕ ಸುಳ್ಳಾಗುತ್ತದೆ. ನನ್ನದರ ಜೊತೆ ಬೆರೆಸಿದರೆ ನಾನೇ ಎಲ್ಲ ಉಟ್ಟ ಹಾಗೆ ಕಾಣುತ್ತದೆ, ಮನೆಯಲ್ಲಿ ಮಾತಿಗೂ ಕಾರಣವಾಗುತ್ತದೆ. ಹಾಗಾಗಿ ಬೇರೆ ಬಾಬ್ತು.

ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳಲು ಒಬ್ಬರನ್ನು ಕೂರಿಸಿರುತ್ತಾರಲ್ಲ, ಅದೇ ಕ್ರಮ. ಎಡಗಡೆ ಪುಟ ಕೊಟ್ಟಿದ್ದು, ಬಲಗಡೆ ಪುಟ ಬಂದಿದ್ದು. ಹೆಸರು, ಸಂದರ್ಭ, ಕೊಟ್ಟಿದ್ದಕ್ಕೆ ಬೆಲೆ. ಎರಡು ವರ್ಷ ಬರೆದ ಮೇಲೆ ಮುಂದಿನ ವರ್ಷ ಯಾರ ಮನೆಯಲ್ಲಿ ಏನಿದೆ ಅಂತ ನೋಡಿ ಏಪ್ರಿಲ್‌ನಲ್ಲೇ ಅಂದಾಜು ಹಾಕಬಹುದು. ಹಿಂದಿನ ದಿನ ಸಂಜೆ ಓಡಿಹೋಗಿ ಸಿಕ್ಕ ಬೆಲೆಗೆ ತರುವುದು ತಪ್ಪುತ್ತದೆ. ಮೊದಲ ವರ್ಷದ ನನ್ನ 7,300ರಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಅವಸರದಲ್ಲಿ ತಂದದ್ದು.

ನಮಗೆ ಬಂದ ಸೀರೆಗೆ ಎಷ್ಟು ಬೆಲೆ ಬರೆಯಲಿ?

ಸೊನ್ನೆ. ಬೆಲೆ ಕಟ್ಟಲು ಹೋಗಬೇಡಿ, ಅದು ದುಡ್ಡಲ್ಲ. ಯಾರು ಕೊಟ್ಟರು, ಯಾವಾಗ ಅನ್ನುವುದನ್ನು ಮಾತ್ರ ಬರೆಯಿರಿ. ರವಿಕೆ ಕಣಗಳು ಮನೆಯಿಂದ ಮನೆಗೆ ತಿರುಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕೊಟ್ಟವರಿಗೇ ಅದು ವಾಪಸ್ ಹೋಗಬಾರದು. ಆದರೆ ಬಂದ ಸೀರೆಗೆ ನೀವು ಮಾಡಿಸಿದ ಫಾಲ್, ಕುಚ್ಚು, ಬ್ಲೌಸಿನ ಖರ್ಚು ನಿಮ್ಮದೇ, ಬರೆಯಿರಿ.

ಮನೆ ಖರ್ಚಿನಲ್ಲಿ ಬಟ್ಟೆಗೆ ನೂರಕ್ಕೆ ಎಷ್ಟು ಇರಬೇಕು?

ಇಷ್ಟೇ ಅನ್ನುವ ನಿಯಮ ಇಲ್ಲ. ಒಂದು ಅಳತೆಗೋಲು ಬೇಕಾದರೆ ಇದನ್ನು ನೋಡಿ: ಬೆಲೆ ಏರಿಕೆ ಅಳೆಯಲು ಸರ್ಕಾರ 2012ನ್ನು ಆಧಾರ ವರ್ಷವಾಗಿಟ್ಟುಕೊಂಡು ಮಾಡಿದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಬಟ್ಟೆ ಮತ್ತು ಚಪ್ಪಲಿಗೆ ಕೊಟ್ಟ ತೂಕ, ಅಂದರೆ ಪಾಲು, ನೂರಕ್ಕೆ 6.53. ಹಳ್ಳಿಗಳಲ್ಲಿ 7.36, ಪಟ್ಟಣಗಳಲ್ಲಿ 5.57. ಇದು ಆದಾಯದ ಪಾಲಲ್ಲ, ಖರ್ಚಿನ ಪಾಲು. ಹಳ್ಳಿಯ ಅಂಕಿ ಹೆಚ್ಚಿರುವುದನ್ನು ಗಮನಿಸಿ. ಪಟ್ಟಣದಲ್ಲಿ ಬಾಡಿಗೆಯಂಥ ಬೇರೆ ಖರ್ಚುಗಳ ಪಾಲು ದೊಡ್ಡದು.

ನಮ್ಮ ಮನೆಯಲ್ಲಿ ಆ ಮೊದಲ ವರ್ಷ ಒಟ್ಟು ಖರ್ಚು ಆರು ಲಕ್ಷ ಇಪ್ಪತ್ತು ಸಾವಿರದಷ್ಟಿತ್ತು. ಬಟ್ಟೆ ನೂರಕ್ಕೆ ಏಳೂವರೆಯ ಮೇಲೆ. ಕೊಡುವ ಬಟ್ಟೆ, ಇಸ್ತ್ರಿ ತೆಗೆದು ನೋಡಿದರೆ ಆರರ ಆಸುಪಾಸು.

ತಿಂಗಳಿಗೆ ಇಷ್ಟು ಅಂತ ಬಜೆಟ್ ಹಾಕಿದರೆ ಎರಡೇ ತಿಂಗಳಲ್ಲಿ ಮುರಿದುಬೀಳುತ್ತೆ. ಏನು ಮಾಡಲಿ?

ತಿಂಗಳಿಗೆ ಇಷ್ಟು ಖರ್ಚು ಅಂತ ಹಾಕಬೇಡಿ, ತಿಂಗಳಿಗೆ ಇಷ್ಟು ಎತ್ತಿಡುವುದು ಅಂತ ಹಾಕಿ. ಖರ್ಚು ಹಬ್ಬ ಬಂದಾಗ ಆಗಲಿ.

ಈಗ ನಮ್ಮದು ವರ್ಷಕ್ಕೆ ಐವತ್ತು ಸಾವಿರ. ಮಕ್ಕಳ ಯೂನಿಫಾರ್ಮು, ಶೂ 9,000. ಹಬ್ಬದ ಬಟ್ಟೆ 14,000. ಕೊಡುವುದಕ್ಕೆ 8,000. ಹೊಲಿಗೆ, ಫಾಲ್, ಕುಚ್ಚು 6,000. ದಿನಬಳಕೆ, ಒಳಉಡುಪು, ನೈಟಿ, ಬನಿಯನ್ನು, ಟವೆಲ್ 6,000. ಇಸ್ತ್ರಿ 4,000. ಕೈಯಲ್ಲಿರಲಿ ಅಂತ 3,000. ಸಂಬಳ ಬಂದ ದಿನ 4,200 ಬೇರೆ ಖಾತೆಗೆ ಹಾಕುತ್ತೇನೆ. ಆ ಖಾತೆಯಲ್ಲಿ ಇದ್ದಷ್ಟೇ ಬಟ್ಟೆ. ಏಪ್ರಿಲ್, ಮೇ, ಜೂನ್ ಸೇರಿ 12,600 ಆಗುವಷ್ಟರಲ್ಲಿ ಯೂನಿಫಾರ್ಮಿನ ಖರ್ಚು ಬಂದಿರುತ್ತದೆ. ಶ್ರಾವಣಕ್ಕೆ ಮತ್ತೆ ಸೇರಿರುತ್ತದೆ.

ದಿನಬಳಕೆಯದನ್ನು ದಯವಿಟ್ಟು ಬಜೆಟ್‌ನಲ್ಲಿ ಮೊದಲು ಬರೆಯಿರಿ. ಹಬ್ಬದ ಸೀರೆಗೆ ಹೇಗೋ ದುಡ್ಡು ಹೊಂದಿಸುವ ನಮ್ಮ ಹೆಂಗಸರು ಹರಿದ ಲಂಗ, ಸಡಿಲಾದ ಒಳಉಡುಪನ್ನು ಇನ್ನೊಂದು ವರ್ಷ ತಳ್ಳುತ್ತಾರೆ. ನನ್ನ ಮೊದಲ ಪುಸ್ತಕದಲ್ಲಿ ನನ್ನ ಒಳಉಡುಪಿಗೆ ಇಡೀ ವರ್ಷಕ್ಕೆ ಇದ್ದದ್ದು 340 ರೂಪಾಯಿ. ಅದನ್ನು ನೋಡಿ ನನಗೆ ನಿಜಕ್ಕೂ ಬೇಸರವಾಯಿತು.

ಆಷಾಢದ ಡಿಸ್ಕೌಂಟ್‌ನಲ್ಲಿ ಉಳಿತಾಯ ನಿಜಾನಾ?

ಆಷಾಢದಲ್ಲಿ ಮದುವೆ ಮುಂಜಿ ಇರುವುದಿಲ್ಲ, ಅಂಗಡಿ ಖಾಲಿ ಹೊಡೆಯುತ್ತಿರುತ್ತದೆ, ಆದ್ದರಿಂದ ಬೆಲೆ ಇಳಿಸುತ್ತಾರೆ. ಕಾರಣ ನಿಜವೇ. ಆದರೆ ಇಳಿದದ್ದು ಎಷ್ಟು ಅಂತ ತಿಳಿಯಬೇಕಾದರೆ ಹಿಂದಿನ ಬೆಲೆ ನಿಮ್ಮ ಹತ್ತಿರ ಇರಬೇಕು. ಅಲ್ಲಿ ಪುಸ್ತಕ ಕೈ ಹಿಡಿಯುತ್ತದೆ. ಲಂಗ, ಪಂಚೆ, ಟವೆಲ್, ಬೆಡ್‌ಶೀಟ್, ಬಿಳಿ ಶರ್ಟು, ಇಂಥವನ್ನು ಪ್ರತಿ ವರ್ಷ ಕೊಳ್ಳುತ್ತೇವೆ, ಹೋದ ವರ್ಷದ ಬೆಲೆ ಪುಟದಲ್ಲಿದೆ. ಅವನ್ನು ನಾನು ಆಷಾಢದಲ್ಲೇ ತೆಗೆಯುತ್ತೇನೆ. ಸೀರೆಯ ವಿಷಯದಲ್ಲಿ ಒಂದರ ಹಾಗೆ ಇನ್ನೊಂದಿಲ್ಲ, ಹೋಲಿಸುವುದು ಕಷ್ಟ. ಹೋಗುವ ಮುಂಚೆ ಬೇಕಾದದ್ದರ ಪಟ್ಟಿ ಬರೆದುಕೊಂಡು ಹೋಗಿ. ಅದರಲ್ಲಿಲ್ಲದ್ದು ಎಷ್ಟು ಅಗ್ಗವಾದರೂ ಖರ್ಚೇ.

ಕೈಮಗ್ಗದ ಬಟ್ಟೆ ಇಷ್ಟಪಡುವವರು ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನದ ಸುಮಾರಿಗೆ ನಡೆಯುವ ಮೇಳಗಳನ್ನೂ, ಅಕ್ಟೋಬರ್ 2ರ ಗಾಂಧಿ ಜಯಂತಿಯ ಖಾದಿ ರಿಯಾಯಿತಿಯನ್ನೂ ಬಜೆಟ್‌ನಲ್ಲಿ ಗುರುತು ಹಾಕಿಕೊಳ್ಳಿ.

ಜಿಎಸ್‌ಟಿ ಬೇರೆ ಬರೆಯಬೇಕಾ?

ಬೇಡ, ಕೊಟ್ಟ ಒಟ್ಟು ಮೊತ್ತ ಬರೆದರೆ ಸಾಕು. ಕೊಳ್ಳುವ ಮುಂಚೆ ಒಂದು ಗೆರೆ ಮಾತ್ರ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪು ಒಂದಕ್ಕೆ 2,500 ರೂಪಾಯಿವರೆಗೆ ತೆರಿಗೆ ನೂರಕ್ಕೆ 5, ಅದಕ್ಕಿಂತ ಮೇಲಾದರೆ 18. ತೆರಿಗೆಗೆ ಮುಂಚೆ 2,500 ಇರುವ ಡ್ರೆಸ್ಸು ಕೈಗೆ ಬರುವಾಗ 2,625. ಅದೇ 2,600 ಇದ್ದರೆ 3,068. ನೂರು ರೂಪಾಯಿಯ ವ್ಯತ್ಯಾಸ 443 ಆಯಿತು. ಗೆರೆಯ ಆಚೆ ಈಚೆ ಇರುವ ಬಟ್ಟೆಯಾದರೆ ಬಿಲ್ ನೋಡಿ ತೀರ್ಮಾನ ಮಾಡಿ.

ಆನ್‌ಲೈನಲ್ಲಿ ತರಿಸಿ ವಾಪಸ್ ಕಳಿಸಿದ್ದನ್ನ ಹೇಗೆ ಬರೆಯೋದು?

ದುಡ್ಡು ಬ್ಯಾಂಕ್ ಖಾತೆಗೆ ಬಂದ ದಿನ ಕಳೆಯಿರಿ, ಪಾರ್ಸೆಲ್ ಕಳಿಸಿದ ದಿನ ಅಲ್ಲ. ನಾನು ಒಮ್ಮೆ ಮೂರು ಕುರ್ತಾ ತರಿಸಿ, ಬಣ್ಣ ಫೋಟೋದಲ್ಲಿದ್ದ ಹಾಗಿಲ್ಲ ಅಂತ ಒಂದನ್ನು ಹಿಂದಕ್ಕೆ ಕಳಿಸಿ ಅವತ್ತೇ 1,299 ಕಳೆದುಬಿಟ್ಟಿದ್ದೆ. ಮಾರ್ಚ್‌ನಲ್ಲಿ ಪಾಸ್‌ಬುಕ್ ಇಟ್ಟುಕೊಂಡು ನೋಡಿದರೆ ಹಣ ಬಂದೇ ಇಲ್ಲ. ಅದು ಆ ಆ್ಯಪಿನ ಒಳಗಿನ ವ್ಯಾಲೆಟ್‌ಗೆ ಹೋಗಿತ್ತು, ಮುಂದೆ ಮಗಳ ಟಾಪ್ ತರಿಸುವಾಗ ಅಲ್ಲಿಂದಲೇ ಖರ್ಚಾಗಿತ್ತು. ಆ ಟಾಪಿಗೆ ದುಡ್ಡೇ ಕೊಟ್ಟಿಲ್ಲ ಅಂತ ನಾನು ಬರೆದೂ ಇರಲಿಲ್ಲ. ವಾಪಸ್ ಮಾಡುವಾಗ ಹಣ ಎಲ್ಲಿಗೆ ಬರಬೇಕು ಅಂತ ಕೇಳುವ ಕಡೆ ಬ್ಯಾಂಕ್ ಖಾತೆಯನ್ನೇ ಒತ್ತಿ.

ರೇಷ್ಮೆ ಸೀರೆಗೆ ಹದಿನಾರು ಸಾವಿರ ಕೊಡೋದು ದಂಡವಾ?

ಒಂದು ಸಲ ಉಟ್ಟಿದ್ದಕ್ಕೆ ಎಷ್ಟು ಬಿತ್ತು ಅಂತ ಭಾಗಿಸಿ ನೋಡಿ. ಪುಟದ ಮೂಲೆಯಲ್ಲಿ ಉಟ್ಟಾಗೆಲ್ಲ ಒಂದು ಗೀಟು ಹಾಕಿ. ನನ್ನ ಒಂದು ಇಳಕಲ್ ಸೀರೆಗೆ ಎಲ್ಲ ಸೇರಿ 2,400 ಆಗಿತ್ತು, 48 ಗೀಟು ಇದೆ, ಸಲಕ್ಕೆ ಐವತ್ತು ರೂಪಾಯಿ. ತಂಗಿಯ ಮದುವೆಗೆ ತೆಗೆದ ರೇಷ್ಮೆ ಸೀರೆ 16,000, ಐದು ಗೀಟು, ಸಲಕ್ಕೆ 3,200. ಅದಕ್ಕೇ ಈಗ ಆಫೀಸಿಗೆ, ದೇವಸ್ಥಾನಕ್ಕೆ ಉಡುವ ಸೀರೆಗೆ ಸ್ವಲ್ಪ ಹೆಚ್ಚು ಕೊಟ್ಟು ಒಳ್ಳೆಯದನ್ನೇ ತೆಗೆಯುತ್ತೇನೆ.

ಆದರೆ ಈ ಭಾಗಾಕಾರ ಎಲ್ಲದಕ್ಕೂ ಉತ್ತರ ಕೊಡುವುದಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ (ಉದ್ದಕ್ಕೆ ಹಾಯುವ ನೂಲು) ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿ ಕೊಂಡಿ ಹಾಕಿ ಜೋಡಿಸುತ್ತಾರೆ. ಅವ್ವನ ಸೀರೆಯ ಹತ್ತಿಯ ಒಡಲು ಸವೆದು ಹೋದ ಮೇಲೂ ತೋಪ್ ತೆನೆ ವಿನ್ಯಾಸದ ಕೆಂಪು ಸೆರಗು ಹಾಗೇ ಇತ್ತು. ಅದನ್ನು ನನ್ನ ಮಗಳಿಗೆ ಲಂಗ ಹೊಲಿಸಿದೆ. ಅದಕ್ಕೆ ಸಲಕ್ಕೆ ಎಷ್ಟು ಅಂತ ನಾನು ಲೆಕ್ಕ ಹಾಕಿಲ್ಲ.

ದೊಡ್ಡ ಬೆಲೆ ಕೊಡುವಾಗ ಸಿಲ್ಕ್ ಮಾರ್ಕ್ ಚೀಟಿ ಇದೆಯಾ ನೋಡಿ. ಅಪ್ಪಟ ರೇಷ್ಮೆ ಅನ್ನುವುದಕ್ಕೆ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಗುರುತು ಅದು. ಆ ಚೀಟಿಯನ್ನೂ ಬಿಲ್ಲನ್ನೂ ಪುಟಕ್ಕೆ ಪಿನ್ ಮಾಡಿಡಿ.

ಮಕ್ಕಳ ಬಟ್ಟೆ ಎಷ್ಟು ತಂದರೂ ಸಾಲಲ್ಲ...

ಬೆಳೆಯುವ ಮಕ್ಕಳಿಗೆ ಹಬ್ಬದ ಬಟ್ಟೆಯಲ್ಲಿ ಕಡಿಮೆ ಮಾಡಿ, ಯೂನಿಫಾರ್ಮಿನಲ್ಲಿ ಮಾಡಬೇಡಿ. ಹೊಲಿಸುವುದಾದರೆ ಪ್ಯಾಂಟಿನ ಕೆಳಗೆ, ಲಂಗದ ಅಂಚಿಗೆ ಎರಡು ಇಂಚು ಒಳಗೆ ಮಡಚಿ ಹೊಲಿಯಲು ಹೇಳಿ, ಮುಂದಿನ ಜೂನ್‌ಗೆ ಬಿಚ್ಚಿಸಬಹುದು. ಶೂ ಸೈಜನ್ನು ತಾರೀಖಿನ ಸಮೇತ ಬರೆದಿಡಿ.

ಮನೆಯಲ್ಲೊಂದು ಮದುವೆ ಬಂದರೆ ಬಜೆಟ್ ಗತಿ?

ಮದುವೆ ಜವಳಿಗೆ ಬೇರೆ ಪುಸ್ತಕ, ಬೇರೆ ದುಡ್ಡು. ವರ್ಷದ ಲೆಕ್ಕಕ್ಕೆ ಬೆರೆಸಿದರೆ ಆ ವರ್ಷವನ್ನು ಯಾವ ವರ್ಷದ ಜೊತೆಗೂ ಹೋಲಿಸಲಾಗುವುದಿಲ್ಲ. ಆದರೆ ನೆಂಟರ ಮದುವೆಗೆ ನಾವು ತೆಗೆದುಕೊಳ್ಳುವ ಬಟ್ಟೆ ವರ್ಷದ ಲೆಕ್ಕದ್ದೇ.

ಸೀರೆ ಚೀಟಿ ಹಾಕಬಹುದಾ? ಇಎಂಐ?

ಬೀದಿಯಲ್ಲಿ ನಡೆಸುವ ಸೀರೆ ಚೀಟಿಯಲ್ಲಿ ತಿಂಗಳು ತಿಂಗಳು ಕಟ್ಟುವುದು ಒಳ್ಳೆಯ ಅಭ್ಯಾಸವೇ, ಆದರೆ ಕಟ್ಟಿದ್ದಕ್ಕೆ ರಸೀದಿ ಇರುವುದಿಲ್ಲ, ಕೊನೆಗೆ ಅವರು ತೋರಿಸಿದ್ದರಲ್ಲೇ ಆರಿಸಬೇಕು. 1982ರ ಚಿಟ್ ಫಂಡ್ ಕಾಯ್ದೆಯಂತೆ ನೋಂದಣಿ ಆಗದ ಚೀಟಿಯಲ್ಲಿ ಹಣ ಮುಳುಗಿದರೆ ವಸೂಲಿ ಕಷ್ಟ. ಅದೇ ಹಣ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಆರ್‌ಡಿ ಕಟ್ಟಿದರೆ ಬಡ್ಡಿಯೂ ಬರುತ್ತದೆ, ಬೇಕಾದ ಅಂಗಡಿಗೂ ಹೋಗಬಹುದು. ಇಎಂಐನಲ್ಲಿ ಬಟ್ಟೆ ಬೇಡವೇ ಬೇಡ.

ಮನೆಯಲ್ಲಿ ಬೆಲೆ ಕಡಿಮೆ ಹೇಳಿಬಿಟ್ಟಿದ್ದೀನಿ. ಪುಸ್ತಕದಲ್ಲಿ ಏನು ಬರೆಯಲಿ?

ಕೊಟ್ಟಷ್ಟೇ ಬರೆಯಿರಿ. ಇದನ್ನು ಕೇಳಿದವರು ಒಬ್ಬಿಬ್ಬರಲ್ಲ. ಎಂಟು ನೂರರ ಸೀರೆ ಅಂತ ಹೇಳಿದ್ದು ಎರಡು ಸಾವಿರದ್ದಾಗಿರುತ್ತದೆ. ಉಳಿದ 1,200 ದಿನಸಿಯಲ್ಲೋ ಮಕ್ಕಳ ಖರ್ಚಿನಲ್ಲೋ ಅಡಗಿಸಬೇಕಾಗುತ್ತದೆ, ಆಗ ಎರಡು ಲೆಕ್ಕವೂ ಕೆಡುತ್ತದೆ. ನಮ್ಮ ಮನೆಯಲ್ಲಿ ಮೊದಲ ವರ್ಷದ ಮೊತ್ತವನ್ನು ಯಜಮಾನರ ಮುಂದೆ ಇಟ್ಟಾಗ ಅವರು ಮೊದಲು ನೋಡಿದ್ದು ನನ್ನ 14,200ನ್ನು. ಆಮೇಲೆ ಕೊಟ್ಟ ಬಟ್ಟೆಯ ಪುಟ ತಿರುವಿದರು. ಅದರಲ್ಲಿ ಹೆಚ್ಚಿನವು ಅವರ ಕಡೆಯ ಸಮಾರಂಭಗಳು. ಮರುವರ್ಷದಿಂದ ಆ ಬಾಬ್ತಿನ ಅರ್ಧ ಅವರ ಸಂಬಳದಿಂದ ಬರುತ್ತದೆ.

ಹಳೇ ಬಟ್ಟೆಯಿಂದ ಬಂದದ್ದನ್ನ ಬರೆಯಬೇಕಾ?

ಪಾತ್ರೆಯವರಿಗೆ ಹಾಕಿ ಸ್ಟೀಲ್ ಡಬ್ಬಿ ತೆಗೆದುಕೊಂಡರೆ ಬೇಡ. ಜರಿ ಸೀರೆ ಮಾರಿ ದುಡ್ಡು ಬಂದರೆ ಬರೆಯಿರಿ. ಕೌದಿ ಹೊಲಿಸಿದರೆ ಹೊಲಿದವರ ಕೂಲಿ ಬರೆಯಿರಿ.

ಶುರುಮಾಡಿ ಮಧ್ಯದಲ್ಲಿ ಬಿಟ್ಟುಹೋಯಿತು. ಮುಂದಿನ ಏಪ್ರಿಲ್‌ವರೆಗೆ ಕಾಯಲಾ?

ಕಾಯಬೇಡಿ. ಒಂದು ಭಾನುವಾರ ಬೀರು ತೆರೆದು ಈ ವರ್ಷ ಬಂದ ಬಟ್ಟೆಯನ್ನಷ್ಟೇ ಮಂಚದ ಮೇಲೆ ತೆಗೆದಿಡಿ. ಒಂದೊಂದನ್ನು ಕೈಯಲ್ಲಿ ಹಿಡಿದರೆ ಎಲ್ಲಿ, ಯಾವಾಗ, ಯಾರ ಜೊತೆ ಹೋಗಿ ತೆಗೆದದ್ದು ಅಂತ ತಾನಾಗಿ ನೆನಪಾಗುತ್ತದೆ. ಮೊಬೈಲಿನ ಪೇಮೆಂಟ್ ಪಟ್ಟಿಯನ್ನು ತಾರೀಖಿಗೆ ಹೊಂದಿಸಿ. ಟೈಲರ್ ಹತ್ತಿರ ಹೋಗಿ ಅವರ ಪುಸ್ತಕದಲ್ಲಿ ನಿಮ್ಮ ಪುಟ ತೆಗೆಸಿ, ಅಲ್ಲಿ ಚೂರುಗಳು ಇದ್ದೇ ಇರುತ್ತವೆ. ಬೆಲೆ ಸಿಗದಿದ್ದರೆ ಅಂದಾಜು ಬರೆದು ಪಕ್ಕದಲ್ಲಿ "ಅಂ" ಅಂತ ಗುರುತು ಹಾಕಿ. ನನ್ನ ಮೂರನೇ ವರ್ಷದ ಪುಸ್ತಕದಲ್ಲಿ ಅತ್ತೆಯವರ ಕಾಯಿಲೆಯಿಂದಾಗಿ ಅಕ್ಟೋಬರ್‌ನಿಂದ ಜನವರಿವರೆಗೆ ಎಲ್ಲ ಸಾಲಿಗೂ "ಅಂ" ಇದೆ.